ದೊಡ್ಡ ಸ್ಕೂಟರ್‌ನ ಸರ್ವಿಸ್ ಬಿಲ್ ಓದುವ ಬಗೆ

ಯಮಹಾ ಏರಾಕ್ಸ್ 155ರಂತಹ ದೊಡ್ಡ ಸ್ಕೂಟರ್ ಕೊಂಡವರು, ಅದರ ಸರ್ವಿಸ್ ಖರ್ಚನ್ನು ಗಾಳಿಯಿಂದ ತಣಿಯುವ 110 ಸಿಸಿ ಸ್ಕೂಟರ್‌ನ ಖರ್ಚಿಗೆ ಹೋಲಿಸಬಾರದು. ಎಂಜಿನ್ ಆಯಿಲ್ ಜೊತೆಗೆ ಇದರಲ್ಲಿ ಎಂಜಿನ್ ತಣಿಸುವ ದ್ರವವಾದ ಕೂಲೆಂಟ್ ಕೂಡ ಇರುತ್ತದೆ. ಹಿಂದಿನ ಚಕ್ರಕ್ಕೆ ಶಕ್ತಿ ಸಾಗಿಸುವ ಬೆಲ್ಟ್ ಮತ್ತು ರೋಲರ್‌ಗಳನ್ನು ಪರೀಕ್ಷಿಸಲು ಪಕ್ಕದ ಕವರ್ ಬಿಚ್ಚಬೇಕಾದಾಗ, ಸಣ್ಣ ಸ್ಕೂಟರ್‌ನಂತೆಯೇ ಇದರಲ್ಲೂ ಕೂಲಿ ಏರುತ್ತದೆ. ಉಚಿತ ಸರ್ವಿಸ್ ಎಂದರೂ ಸಾಮಾನ್ಯವಾಗಿ ಕೂಲಿ ಮಾತ್ರ ಉಚಿತ, ಆಯಿಲ್ ಮತ್ತು ಬಿಡಿಭಾಗಗಳ ಹಣವನ್ನು ನಾವೇ ಕೊಡಬೇಕು.

ಗಾಡಿ ಒಪ್ಪಿಸುವ ಮುನ್ನ ಮಾಲೀಕರ ಕೈಪಿಡಿಯ ನಿರ್ವಹಣಾ ಪಟ್ಟಿಯನ್ನು ತೆರೆದು, ಆ ಕಿಲೋಮೀಟರಿಗೆ ಏನು ಬೇಕೋ ಅಷ್ಟನ್ನೇ ಜಾಬ್ ಕಾರ್ಡ್‌ನಲ್ಲಿ (ಮಾಡಬೇಕಾದ ಕೆಲಸಗಳ ಚೀಟಿಯಲ್ಲಿ) ಬರೆಸಿ, ಕೂಲಿಯ ಮೇಲಿನ ಶೇ. 18ರ ಜಿಎಸ್‌ಟಿ ಸೇರಿದ ಅಂದಾಜು ಮೊತ್ತವನ್ನು ಕೇಳಿ ಪಡೆಯುವುದು ಒಳ್ಳೆಯದು. ಪಟ್ಟಿಯಲ್ಲಿಲ್ಲದ ಟೆಫ್ಲಾನ್ ಲೇಪನ, ಎಂಜಿನ್ ಫ್ಲಶ್ ಮುಂತಾದವುಗಳನ್ನು ಧಾರಾಳವಾಗಿ ನಿರಾಕರಿಸಬಹುದು. (ಬೆಲ್ಟ್‌ನಿಂದ ಓಡುವ ಈ ಗಾಡಿಗೆ ಚೈನ್ ಸ್ವಚ್ಛತೆಯ ಶುಲ್ಕ ಕಂಡರಂತೂ ಚೈನ್ ಎಲ್ಲಿದೆ ಎಂದು ತೋರಿಸಲು ಹೇಳಿ!)

ಹೆಚ್ಚು ಎಚ್ಚರ ಬೇಕಾದದ್ದು ವಾಲ್ವ್ ಕ್ಲಿಯರೆನ್ಸ್, ಅಂದರೆ ಎಂಜಿನ್‌ನ ವಾಲ್ವ್‌ಗಳ ಬಳಿ ಇರಬೇಕಾದ ಸಣ್ಣ ಅಂತರದ ವಿಷಯದಲ್ಲಿ. ಎಂಜಿನ್ ಪೂರ್ತಿ ತಣಿದ ಮೇಲಷ್ಟೇ ಅದನ್ನು ಅಳೆಯಬೇಕಾದ್ದರಿಂದ, ಬಿಸಿ ಎಂಜಿನ್‌ನೊಂದಿಗೆ ಒಪ್ಪಿಸಿದ ಗಾಡಿ ಅರ್ಧ ಗಂಟೆಯಲ್ಲಿ ಮರಳಿ ಬಂದು ಬಿಲ್‌ನಲ್ಲಿ ಆ ಕೆಲಸವೂ ಇದ್ದರೆ, ಅದು ನಡೆದಿರುವುದು ಅಸಂಭವ. ಅಂತಹ ಸರ್ವಿಸ್‌ಗೆ ಹಿಂದಿನ ಸಂಜೆಯೇ ಗಾಡಿ ಬಿಟ್ಟು, ಬದಲಾಯಿಸಿದ ಬೆಲ್ಟ್ ಅಥವಾ ಫಿಲ್ಟರ್‌ಗಳಿದ್ದರೆ ಹಳೆಯವನ್ನು ಹಿಂದಕ್ಕೆ ಕೊಡಬೇಕೆಂದು ಮೊದಲೇ ತಿಳಿಸಿ.