ಜನತಾ ವಾಚನ್ನು ಬರೀ ಅಕ್ಷರಗಳಲ್ಲಿ ಬಿಡಿಸಿದ ನನ್ನ ಅನುಭವ

ಕೊನೆಗೂ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದೇನೆ. ಎಚ್‌ಎಂಟಿ ಜನತಾ, ಕೀಬೋರ್ಡಿನಲ್ಲಿರುವ ಅಕ್ಷರ, ಚುಕ್ಕೆ, ಗೀಟುಗಳಿಂದಲೇ. "ರೌಂಡ್ ಡಯಲ್ ಟೆಕ್ಸ್ಟ್‌ನಲ್ಲಿ ಬರಲ್ಲ ಮಾರಾಯಾ, ಯಾವುದಾದ್ರೂ ಚೌಕ ಡಿಜಿಟಲ್ ವಾಚ್ ಮಾಡು" ಅಂದವರೇ ಜಾಸ್ತಿ. ಅವರಲ್ಲೇ ಕೆಲವರು ಈಗ ಫೈಲ್ ಕೇಳುತ್ತಿದ್ದಾರೆ.

ಜನತಾನೇ ಯಾಕೆ? 1961ರಲ್ಲಿ ಎಚ್‌ಎಂಟಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಲ್ಲಿ ವಾಚ್ ಮಾಡೋಕೆ ಶುರು ಮಾಡಿತಲ್ಲ, ಆ ಸಾಲಿನ ಕೀ ಕೊಡುವ ವಾಚ್‌ಗಳಲ್ಲಿ ಇದರ ಡಯಲ್ ತುಂಬಾ ಸಾದಾ. 17 ಜ್ಯುವೆಲ್ (ಯಂತ್ರದೊಳಗೆ ಸವೆತ ತಡೆಯುವ ಪುಟ್ಟ ಕಲ್ಲುಗಳು), ಮೂರು ಮುಳ್ಳು, ತಾರೀಖಿನ ಕಿಂಡಿಯೂ ಇಲ್ಲ. ನನ್ನದು ಬಿಳಿ ಡಯಲ್, ಕಪ್ಪು ಅಂಕಿ. ಎದುರಿಗೆ ಇಟ್ಟುಕೊಂಡೇ ಮಾಡಬೇಕು ಅಂತ ಹಳೇದೊಂದನ್ನು 1,800ಕ್ಕೋ ಏನೋ ತಗೊಂಡೆ.

ಮೊದಲು ಎಲ್ಲರಂತೆ ಫೋಟೊವನ್ನು ಅದರ ಕಪ್ಪು-ಬಿಳುಪಿಗೆ ತಕ್ಕ ಅಕ್ಷರ ಇಡುವ ಕನ್ವರ್ಟರ್‌ಗೆ ಹಾಕಿ ನೋಡಿದೆ. ಸ್ಟೀಲ್ ಕೇಸಿನ ಹೊಳಪೆಲ್ಲ @ # ರಾಶಿಯಾಯಿತು, 12 ಅನ್ನೋ ಅಂಕಿ ಮಸಿ ಚೆಲ್ಲಿದ ಹಾಗೆ ಬಂತು. ಒಂದು ಸಾಲಿಗೆ 200 ಕಾಲಂ (ಅಕ್ಷರ) ದಾಟಿಸಿದರೆ ಚೆನ್ನಾಗಿಯೇ ಕಾಣುತ್ತೆ. ಆದರೆ ಆಗ ಅಕ್ಷರ ಯಾರಿಗೂ ಕಾಣಲ್ಲ, ಫೋಟೊನೇ ಇಟ್ಕೋಬಹುದು. ಯೂನಿಕೋಡಿನ ಬ್ರೈಲ್ ಚಿಹ್ನೆಗಳನ್ನೂ ಬಿಡಲಿಲ್ಲ. ಒಂದು ಕೋಣೆಗೆ, ಅಂದರೆ ಒಂದು ಅಕ್ಷರ ಕೂರುವ ಜಾಗಕ್ಕೆ, 8 ಚುಕ್ಕೆ, 256 ಜೋಡಣೆ. ನುಣ್ಣಗೆ ಬಂತು, ಮಜಾ ಬರಲಿಲ್ಲ. ಅದು ಚುಕ್ಕೆ ಇಡೋ ಕೆಲಸ, ಟೈಪ್ ಮಾಡೋದಲ್ಲ.

ಆಮೇಲೆ ಕಪ್ಪು-ಬಿಳುಪಿನ ಲೆಕ್ಕ ಪೂರ್ತಿ ಬಿಟ್ಟೆ. ಅಕ್ಷರ ಎಷ್ಟು ಕಪ್ಪು ಅಂತ ನೋಡೋದಲ್ಲ, ಯಾವ ಕಡೆ ವಾಲುತ್ತೆ ಅಂತ ನೋಡೋದು. 61 ಕಾಲಂ, 31 ಸಾಲು. ಎರಡೂ ಬೆಸ ಇರಲೇಬೇಕು, ಇಲ್ಲದಿದ್ದರೆ ಮುಳ್ಳುಗಳಿಗೆ ನಡುಮಧ್ಯದ ಕೋಣೆಯೇ ಸಿಗಲ್ಲ. 60 ನಿಮಿಷದ ಗುರುತುಗಳ ಜಾಗವನ್ನು ಎಕ್ಸೆಲ್‌ನಲ್ಲಿ ಸೈನ್, ಕಾಸ್ ಹಾಕಿ ತೆಗೆದೆ.

12 ಮತ್ತು 6ರ ಹತ್ತಿರ ಏನೂ ತೊಂದರೆ ಇಲ್ಲ, ಗುರುತುಗಳ ನಡುವೆ ಮೂರು ಕಾಲಂ ಸಿಗುತ್ತೆ. 3 ಮತ್ತು 9ರ ಹತ್ತಿರ ಮಾತ್ರ ಜೀವ ತಿಂದಿತು. ಅಲ್ಲಿ ಒಂದು ಗುರುತಿಗೂ ಇನ್ನೊಂದಕ್ಕೂ ಸುಮಾರು ಒಂದೂವರೆ ಸಾಲು. ಒಂದು ಕಡೆ ಎರಡು ಸಾಲು, ಮುಂದಿನದು ಒಂದೇ ಸಾಲು. ಹಲ್ಲು ಬಿದ್ದ ಬಾಚಣಿಗೆ ತರಹ ಕಾಣುತ್ತಿತ್ತು. ಅಲ್ಲಿ ಕೈ ಹಿಡಿದದ್ದು ' ಮತ್ತು . ಎರಡೇ. ಒಂದು ಕೋಣೆಯ ನೆತ್ತಿಯಲ್ಲಿ ಕೂರುತ್ತೆ, ಇನ್ನೊಂದು ತಳದಲ್ಲಿ. ಅರ್ಧ ಸಾಲು ಸಿಕ್ಕಿದ ಹಾಗಾಯಿತು.

ಇನ್ನು ಮುಳ್ಳುಗಳು. ಜಾಹೀರಾತಿನ ವಾಚ್‌ಗಳಲ್ಲಿ 10:10 ಇರುತ್ತಲ್ಲ, ನಾನೂ ಅದಕ್ಕೇ ಜೋತುಬಿದ್ದೆ. ಎಷ್ಟು ವಾರ ಹೋಯಿತೋ. ಕೋಣೆಯ ಎತ್ತರ ಅಗಲದ ಎರಡರಷ್ಟಿದ್ದರೆ / ಗೀಟು ನೆಟ್ಟಗಿನ ಗೆರೆಯಿಂದ ಸುಮಾರು 27 ಡಿಗ್ರಿ ವಾಲುತ್ತೆ. 10:10ರಲ್ಲಿ ಮುಳ್ಳುಗಳು 55, 60 ಡಿಗ್ರಿಯಲ್ಲಿ ಇರುತ್ತವೆ. ಏನು ಮಾಡಿದರೂ ಮೆಟ್ಟಿಲು ಮೆಟ್ಟಿಲು. ಸರಿ, ವಾಚಿನ ಟೈಮನ್ನೇ ತಿರುಗಿಸಿದೆ: 11:05. ಗಂಟೆಯ ಮುಳ್ಳು ಎಡಕ್ಕೆ ಇಪ್ಪತ್ತೇಳೂವರೆ ಡಿಗ್ರಿ, ನಿಮಿಷದ ಮುಳ್ಳು ಬಲಕ್ಕೆ 30. ಒಂದು \ ಸಾಲು, ಒಂದು / ಸಾಲು, ಮುಗೀತು! ಸೆಕೆಂಡ್ ಮುಳ್ಳು ನೇರ ಕೆಳಗೆ, ಬರೀ | ಗೀಟು. ಇದನ್ನು ಬೇರೆ ಯಾರೂ ಮಾಡಿದ್ದು ನಾನಂತೂ ಕಂಡಿಲ್ಲ. ಗೀಟು ವಾಲೋದು 27 ಡಿಗ್ರಿ, ಮುಳ್ಳು 30, ಹಾಗಾಗಿ ನಿಮಿಷದ ಮುಳ್ಳಿನ ತುದಿ ಎರಡು ಕಾಲಂ ಒಳಗೆ ಬೀಳುತ್ತಲ್ಲ ಅಂತ ಲೆಕ್ಕ ಬಲ್ಲವರು ಕೇಳುತ್ತಾರೆ. ಆ ಎರಡು ಕಾಲಂ ಎಲ್ಲಿ ಅಡಗಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಹೆಸರಿನದು ಸಣ್ಣ ತಲೆನೋವು. ಜನತಾಕ್ಕೆ ಇಂಗ್ಲಿಷಿನಲ್ಲಿ ಆರು ಅಕ್ಷರ, ಬೆಸ ಕಾಲಂನಲ್ಲಿ ಮಧ್ಯಕ್ಕೆ ಕೂರಲ್ಲ. ಅಕ್ಷರಗಳ ನಡುವೆ ಒಂದೊಂದು ಜಾಗ ಬಿಟ್ಟೆ, 11 ಆಯಿತು, ಕೂತಿತು.

ನಡುವೆ ಸುಮ್ನೆ ಕನ್ನಡ ಅಂಕಿ ಹಾಕಿ ನೋಡಿದೆ. ೧೨, ೩, ೬, ೯. ಚೆಂದವೋ ಚೆಂದ. ಆದರೆ ನನ್ನ ಮಾನೋಸ್ಪೇಸ್ (ಎಲ್ಲ ಅಕ್ಷರಕ್ಕೂ ಒಂದೇ ಅಗಲದ) ಫಾಂಟಿನಲ್ಲಿ ಕನ್ನಡವೇ ಇಲ್ಲ, ಬೇರೆ ಫಾಂಟಿನಿಂದ ಎರವಲು ಬರುತ್ತೆ, ಅದರ ಅಗಲ ಬೇರೆ. ಅಂಕಿ ಇರುವ ಸಾಲುಗಳಲ್ಲಿ ಬಲಗಡೆಯ ಕೇಸ್ ಎಲ್ಲ ಆಚೆ ಸರಿದುಹೋಯಿತು. ಜಾಗಗಳನ್ನು ಕಡಿಮೆ ಮಾಡಿ ಒಂದು ಕಂಪ್ಯೂಟರಿನಲ್ಲಿ ಸರಿಮಾಡಿದರೆ ಇನ್ನೊಂದರಲ್ಲಿ ಕೆಡುತ್ತೆ. ಬಿಟ್ಟೆ, ಆದರೆ ಪೂರ್ತಿ ಬಿಟ್ಟಿಲ್ಲ.

ದುಡ್ಡು ಹೋಗಿದ್ದು ಪ್ರಿಂಟಿಗೆ. ಲೇಸರ್ ಬೇಡ, ಮಸಿ ರಿಬ್ಬನ್ ಮೇಲೆ ಸೂಜಿ ಬಡಿದು ಚುಕ್ಕೆಗಳಲ್ಲಿ ಅಚ್ಚು ಹಾಕುವ ಡಾಟ್ ಮ್ಯಾಟ್ರಿಕ್ಸೇ ಬೇಕು ಅನ್ನೋ ಹಟ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಒಂದು 2,500 ಆಸುಪಾಸಿಗೆ ಸಿಕ್ಕಿತು. ರಿಬ್ಬನ್ ಬೇರೆ. ಪ್ರಿಂಟ್ ತೆಗೆದರೆ ವಾಚ್ ಅಡ್ಡಡ್ಡ ಊದಿಕೊಂಡಿದೆ! ಅಗಲ ಆರು ಇಂಚು, ಎತ್ತರ ಐದು. ಮಾರಿದವರು ರೋಲರ್ ಹೋಗಿರಬೇಕು, 800 ಆಗುತ್ತೆ ಅಂದರು. ರೋಲರ್‌ಗೆ ಏನೂ ಆಗಿರಲಿಲ್ಲ. ಪ್ರಿಂಟರ್ ಇಂಚಿಗೆ 10 ಅಕ್ಷರ, 6 ಸಾಲು ಹೊಡೆಯುತ್ತಿತ್ತು. ಇಂಚಿಗೆ 12 ಅಕ್ಷರಕ್ಕೆ ಬದಲಾಯಿಸಿದರೆ 12ಕ್ಕೆ 6, ಕೋಣೆಯ ಎತ್ತರ ಅಗಲದ ಸರಿಯಾಗಿ ಎರಡರಷ್ಟು. ಒಂದು ಬಟನ್ ಒತ್ತಿದೆ, ಡಯಲ್ ದುಂಡಗಾಯಿತು, 800 ಉಳಿಯಿತು.

ಎಲ್ಲ ಸೇರಿ ಐದು ಸಾವಿರದ ಹತ್ತಿರ ಆಗಿದೆ. ಮನೆಯಲ್ಲಿ ಹೇಳಿರೋ ಲೆಕ್ಕ ಬೇರೆ. ಫೈಲ್ ಬೇಕಾದವರಿಗೆ ಡಯಲ್ ಮತ್ತು ಕೇಸ್ ಕೊಡುತ್ತೇನೆ, ಸ್ಟ್ರ್ಯಾಪ್ ಕೊಡಲ್ಲ. ಚರ್ಮದ ಹೊಲಿಗೆ ಬರುವ ಹಾಗೆ ಮಾಡೋಕೆ ಡಯಲ್‌ಗಿಂತ ಜಾಸ್ತಿ ಹೊತ್ತು ಹಿಡಿದಿದೆ.