ಹಿರಿಯರ ಮದ್ದಿನ ಚೀಲ ಬಿಚ್ಚಿ ನೋಡುವುದು ಹೇಗೆ?

ಬಾಯಿ ಒಣಗುತ್ತದೆ, ಹೊಟ್ಟೆ ಸರಿಯಾಗಿ ಹೋಗುವುದಿಲ್ಲ, ಮೂತ್ರ ಕಟ್ಟಿದ ಹಾಗಾಗುತ್ತದೆ, ಈಚೆಗೆ ಮರೆವೂ ಜಾಸ್ತಿ. ಮನೆಯ ಹಿರಿಯರು ಹೀಗೆಂದರೆ ‘ವಯಸ್ಸಾಯಿತಲ್ವಾ’ ಅಂತ ನಾವು ಸುಮ್ಮನಾಗುತ್ತೇವೆ. ಹಾಗೆ ಸುಮ್ಮನಾಗುವ ಮೊದಲು ಅವರು ನುಂಗುವ ಮಾತ್ರೆಗಳನ್ನು ನೋಡಿ. ಈ ನಾಲ್ಕೂ ತೊಂದರೆ ಒಂದೇ ಕಡೆಯಿಂದ ಬಂದಿರಬಹುದು.

ನರಗಳು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಟ್ಟು ಅಂಗಗಳಿಗೆ ಸುದ್ದಿ ಮುಟ್ಟಿಸುತ್ತವೆ. ವಿಜ್ಞಾನಿ ಒಟ್ಟೊ ಲೋವಿ 1921ರಲ್ಲಿ ಕಪ್ಪೆಯ ಹೃದಯದ ಮೇಲೆ ಪ್ರಯೋಗ ಮಾಡಿ ಇದಕ್ಕೆ ದಾರಿ ತೋರಿಸಿದರು. ಆ ಸುದ್ದಿ ಹಿಡಿಯುವ ಒಂದು ಬಗೆಯ ಪ್ರೋಟೀನುಗಳೇ ಮಸ್ಕರಿನಿಕ್ ರಿಸೆಪ್ಟರ್‌ಗಳು. ಒಟ್ಟು ಐದು ಇವೆ. ಎಂ1 ಮಿದುಳಿನಲ್ಲಿದ್ದು ನೆನಪಿಗೆ ನೆರವಾಗುತ್ತದೆ. ಎಂ2 ಹೃದಯದ ಬಡಿತವನ್ನು ನಿಧಾನ ಮಾಡುತ್ತದೆ. ಜೊಲ್ಲು, ಬೆವರು, ಕರುಳು, ಮೂತ್ರಕೋಶದ ಕೆಲಸಕ್ಕೆ ಮುಖ್ಯವಾಗಿ ಎಂ3 ಬೇಕು. ಉಳಿದೆರಡು ಹೆಚ್ಚಾಗಿ ಮಿದುಳಿನವು.

ಕರಾವಳಿಯವರಿಗೆ ಇದರ ಪರಿಚಯ ಬಾಯಲ್ಲೇ ಇದೆ. ಅಡಿಕೆಯಲ್ಲಿರುವ ಅರೆಕೊಲಿನ್ ಈ ರಿಸೆಪ್ಟರನ್ನು ಎಬ್ಬಿಸುತ್ತದೆ, ಜಗಿದಾಗ ಜೊಲ್ಲು ಬರುವುದು, ಮೈ ಬೆವರುವುದು ಅದರಿಂದಲೇ. (ಬಾಯಿ ಒಣಗಿದೆ ಅಂತ ಅಡಿಕೆ ಹಾಕಬೇಡಿ, ಬಾಯಿ ಕ್ಯಾನ್ಸರಿಗೆ ಅದು ಕಾರಣ.) ಉಮ್ಮತ್ತಿ ಕಾಯಿ ಉಲ್ಟಾ, ಅದರ ವಿಷ ಇದೇ ರಿಸೆಪ್ಟರನ್ನು ತಡೆಯುತ್ತದೆ. ನಾವು ದಿನಾ ನುಂಗುವ ಹಲವು ಮಾತ್ರೆಗಳೂ ಅದನ್ನೇ ಮಾಡುತ್ತವೆ, ಸಣ್ಣ ಮಟ್ಟದಲ್ಲಿ.

ಮೊದಲು ಮನೆಯಲ್ಲಿರುವ ಮದ್ದನ್ನೆಲ್ಲ ಮೇಜಿನ ಮೇಲೆ ಸುರಿಯಿರಿ. ಚೀಟಿಯಿಲ್ಲದೆ ಮೆಡಿಕಲ್‌ನಿಂದ ತಂದದ್ದೂ ಬರಲಿ. ಜನ ಲೆಕ್ಕಕ್ಕೇ ಹಿಡಿಯದಿರುವುದು ಅದನ್ನೇ.

ಆಮೇಲೆ ಮಾತ್ರೆಯ ಪಟ್ಟಿಯ (ಸ್ಟ್ರಿಪ್) ಹಿಂದಿನ ಸಣ್ಣ ಅಕ್ಷರ ಓದಿ. ಕಂಪನಿ ಇಟ್ಟ ಹೆಸರು ಬೇಡ, ಒಳಗಿನ ಮದ್ದಿನ ಹೆಸರು ಬೇಕು. ಶೀತದ ಮಾತ್ರೆಯಲ್ಲಿ ಕ್ಲೋರ್‌ಫೆನಿರಮಿನ್, ಆಗುಂಬೆ ಘಾಟಿ ಹತ್ತುವಾಗ ವಾಂತಿ ಬಾರದಿರಲು ನುಂಗುವುದರಲ್ಲಿ ಪ್ರೋಮೆಥಜಿನ್, ಹೊಟ್ಟೆ ಸೆಳೆತಕ್ಕೆ ಡೈಸೈಕ್ಲೋಮಿನ್, ನರದ ನೋವಿಗೆ ಅಮಿಟ್ರಿಪ್ಟಿಲಿನ್, ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್, ಮೂತ್ರದ ಅವಸರಕ್ಕೆ ಆಕ್ಸಿಬ್ಯುಟಿನಿನ್ ಅಥವಾ ಸೊಲಿಫೆನಾಸಿನ್ ಇರಬಹುದು. ಕಂಡದ್ದಕ್ಕೆ ಗುರುತು ಹಾಕಿ. ಒಂದೊಂದೂ ಬೇಕಾದ ಮದ್ದೇ, ಆದರೆ ಎರಡು ಮೂರು ಸೇರಿದರೆ ತಡೆ ಕೂಡುತ್ತಾ ಹೋಗುತ್ತದೆ. ಹಿರಿಯರ ಮಿದುಳಿಗೆ ಅದು ಬೇಗ ತಟ್ಟುತ್ತದೆ.

ಮರೆವಿನ ಕಾಯಿಲೆಗೆ ಡೊನೆಪೆಝಿಲ್ ಕೊಡುತ್ತಿದ್ದರೆ ಇನ್ನೂ ಎಚ್ಚರ ಬೇಕು. ಅದು ಅಸಿಟೈಲ್‌ಕೋಲಿನ್ ಹೆಚ್ಚಿಸುತ್ತದೆ. ಜೊತೆಗೆ ಆಕ್ಸಿಬ್ಯುಟಿನಿನ್ ಇದ್ದರೆ ಒಂದು ಎಳೆದದ್ದನ್ನು ಇನ್ನೊಂದು ಹಿಂದೆ ಎಳೆಯುತ್ತದೆ. ಇಬ್ಬರು ಬೇರೆ ಬೇರೆ ಡಾಕ್ಟರು ಬರೆದಾಗ ಹೀಗಾಗುವುದುಂಟು.

ಪ್ರತಿ ಮದ್ದಿನ ಎದುರು ಅದು ಶುರುವಾದ ತಿಂಗಳು, ತೊಂದರೆ ಶುರುವಾದ ತಿಂಗಳು ಬರೆಯಿರಿ. ಆ ಕಾಗದವನ್ನು ಡಾಕ್ಟರಿಗೆ ತೋರಿಸಿ, ‘ಇದರಲ್ಲಿ ಯಾವುದನ್ನು ಕಡಿಮೆ ಮಾಡಬಹುದು, ಬದಲಿ ಇದೆಯಾ?’ ಎಂದು ಕೇಳಿ. ನೀವಾಗಿ ನಿಲ್ಲಿಸಬೇಡಿ. ಕೆಲವನ್ನು ಹಂತ ಹಂತವಾಗಿಯೇ ಇಳಿಸಬೇಕು.

ಏಪ್ರಿಲ್, ಮೇ ತಿಂಗಳ ಮಂಗಳೂರಿನ ಸೆಖೆಯಲ್ಲಿ ಇನ್ನೊಂದು ಗಮನ ಇರಲಿ. ಈ ಮದ್ದುಗಳು ಬೆವರನ್ನೂ ತಡೆಯುವುದರಿಂದ ಮೈ ಬೇಗ ಕಾಯುತ್ತದೆ. ಮಧ್ಯಾಹ್ನ ಅವರನ್ನು ನೆರಳಲ್ಲೇ ಇರಿಸಿ.

ಮೂತ್ರ ಪೂರ್ತಿ ನಿಂತರೆ, ಇದ್ದಕ್ಕಿದ್ದಂತೆ ಏನೇನೋ ಮಾತಾಡತೊಡಗಿದರೆ, ಕಣ್ಣು ಕೆಂಪಾಗಿ ವಿಪರೀತ ನೋವಾದರೆ, ಚೀಲದ ಸಮೇತ ಆಗಲೇ ಆಸ್ಪತ್ರೆಗೆ ಹೊರಡಿ.