ಎಂಜಿಬಿ ಕಾರಿನ ಜೋಡಿ ಎಸ್‌ಯು ಕಾರ್ಬ್ಯುರೇಟರ್: ನೀವೇ ಟ್ಯೂನ್ ಮಾಡಿ

ಹಳೇ ಪೆಟ್ರೋಲ್ ಅಂಬಾಸಿಡರ್‌ನ ಬಾನೆಟ್ ಎತ್ತಿ ನೋಡಿದವರಿಗೆ ಬ್ರಿಟನ್ನಿನ ಎಂಜಿಬಿ ಸ್ಪೋರ್ಟ್ಸ್ ಕಾರಿನ ಎಂಜಿನ್ ಹೊಸದು ಅನಿಸುವುದಿಲ್ಲ. ಅದರ 1489 ಸಿಸಿ, ಇದರ 1798 ಸಿಸಿ, ಎರಡೂ ಬ್ರಿಟನ್ನಿನ ಬಿ-ಸೀರೀಸ್ ಎಂಜಿನ್ ವಂಶದವೇ. ಆದರೆ ಅಂಬಾಸಿಡರ್‌ಗೆ ಒಂದೇ ಎಸ್‌ಯು ಕಂಪನಿಯ ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ). 1962ರಿಂದ ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ತಯಾರಾದ ಈ ಎರಡು ಸೀಟಿನ ಕಾರಿಗೆ, ಮೊದಲ ವರ್ಷಗಳಲ್ಲಿ, ಎಸ್‌ಯುನ ಎಚ್‌ಎಸ್4 ಮಾದರಿಯವು ಎರಡು. ಎರಡೂ ಸಮನಾಗಿ ಗಾಳಿ ಎಳೆಯಬೇಕು, ಕೆಲಸ ಇರುವುದೇ ಅಲ್ಲಿ.

ಮೊದಲು ಕಾರ್ಬ್ಯುರೇಟರ್ ಮುಟ್ಟಲೇಬೇಡಿ. ಎಂಜಿನ್ ಮಿಸ್ಸಿಂಗ್ ಹೊಡೆದ ತಕ್ಷಣ ಎಲ್ಲರ ಕೈ ಅಲ್ಲಿಗೇ ಹೋಗುತ್ತದೆ, ಆದರೆ ತಪ್ಪು ಎಷ್ಟೋ ಸಲ ಕರೆಂಟಿನ ಕಡೆ ಇರುತ್ತದೆ. ಎಂಜಿನ್ ತಣ್ಣಗಿರುವಾಗ ಟ್ಯಾಪೆಟ್ (ವಾಲ್ವ್) ಗ್ಯಾಪ್ 0.38 ಮಿ.ಮೀ.ಗೆ ಇಡಿ. ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಗ್ಯಾಪ್ 0.35ರಿಂದ 0.40, ಪ್ಲಗ್ ಗ್ಯಾಪ್ 0.64. ಟೈಮಿಂಗ್, ಅಂದರೆ ಪ್ಲಗ್ ಕಿಡಿ ಹಾರಿಸುವ ಸಮಯ, ನೋಡಿ. ಇಷ್ಟಾದ ಮೇಲೆ ಕಾರು ಸರಿಹೋದರೆ ಅಲ್ಲಿಗೇ ಬಿಡಿ.

ಸರಿಹೋಗದಿದ್ದರೆ ಏರ್ ಕ್ಲೀನರ್ ಬಿಚ್ಚಿ, ಕಾರ್ಬ್ಯುರೇಟರ್ ಒಳಗೆ ಮೇಲೆ ಕೆಳಗೆ ಆಡುವ ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಡಿ. ಟಕ್ ಅಂತ ಕೆಳಗೆ ಬೀಳಬೇಕು. ಸಿಕ್ಕಿಕೊಂಡರೆ ಮೇಲಿನ ಗಂಟೆಯಾಕಾರದ ಮುಚ್ಚಳ ಬಿಚ್ಚಿ, ಒಳಗಿನ ಕೊಳೆ ಪೆಟ್ರೋಲಿನಲ್ಲಿ ಒರೆಸಿ. ಒಂದರ ಪಿಸ್ಟನ್ ಇನ್ನೊಂದಕ್ಕೆ ಹಾಕಬೇಡಿ, ಮುಚ್ಚಳಕ್ಕೂ ಪಿಸ್ಟನ್‌ಗೂ ಜೋಡಿ ಇರುತ್ತದೆ. ಮುಚ್ಚಳದ ತುದಿಯಲ್ಲಿ ಎಣ್ಣೆಯೊಳಗೆ ಇಳಿಯುವ ಕಡ್ಡಿಯೇ ಡ್ಯಾಂಪರ್, ಅದಕ್ಕೆ 20 ಗ್ರೇಡ್ ಎಂಜಿನ್ ಆಯಿಲ್ ಸಾಕು. ಡ್ಯಾಂಪರ್ ವಾಪಸ್ ಇಳಿಸುವಾಗ, ಪೂರ್ತಿ ಕೂರಲು ಸುಮಾರು 6 ಮಿ.ಮೀ. ಬಾಕಿ ಇದ್ದಾಗ ಕೈಗೆ ತಡೆ ಸಿಕ್ಕರೆ ಎಣ್ಣೆ ಸರಿಯಾಗಿದೆ.

ಚೋಕ್ ಪೂರ್ತಿ ಒಳಗೆ ತಳ್ಳಿ. ಕಾರ್ಬ್ಯುರೇಟರ್ ತಳದ ಜೆಟ್ ನಟ್ ಮೇಲಕ್ಕೆ ತಿರುಗಿಸಿ ಜೆಟ್ಟನ್ನು (ಪೆಟ್ರೋಲ್ ಬರುವ ಸಣ್ಣ ಕೊಳವೆ) ಬ್ರಿಡ್ಜ್‌ಗೆ, ಅಂದರೆ ಪಿಸ್ಟನ್ ಕೆಳಗಿನ ಚಪ್ಪಟೆ ಜಾಗಕ್ಕೆ, ಸಮ ಮಾಡಿ. ಆಮೇಲೆ ಎರಡರಲ್ಲೂ ಎರಡು ಪೂರ್ತಿ ಸುತ್ತು, ಅಂದರೆ ನಟ್ಟಿನ 12 ಮುಖ, ಕೆಳಕ್ಕೆ ಇಳಿಸಿ. ಈಗ ಕಾರನ್ನು ಬಯಲಿಗೆ ತನ್ನಿ, ಮುಚ್ಚಿದ ಶೆಡ್‌ನಲ್ಲಿ ಎಂಜಿನ್ ಓಡಿಸುವುದು ಜೀವಕ್ಕೇ ಅಪಾಯ.

ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ಎರಡೂ ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಬಾಗಿಲು) ನಡುವಿನ ಕ್ಲ್ಯಾಂಪ್ ಸಡಿಲ ಮಾಡಿ, ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬ್ಯುರೇಟರ್ ಬಾಯಿಯ ಹತ್ತಿರ ಹಿಡಿದು, ಎರಡರ ಬುಸ್ ಶಬ್ದ ಒಂದೇ ಸಮ ಕೇಳುವವರೆಗೆ ಸ್ಲೋ ಸ್ಕ್ರೂಗಳನ್ನು (ಐಡ್ಲಿಂಗ್ ವೇಗದ ಸ್ಕ್ರೂ) ಸ್ವಲ್ಪ ಸ್ವಲ್ಪವೇ ತಿರುಗಿಸಿ. ಇದಕ್ಕೆ ಮೀಟರ್ ಸಿಗುತ್ತದೆ, ಆದರೆ ಕಿವಿ ಪಳಗಿದರೆ ಪೈಪೇ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಮುಂದೆ ಪೆಟ್ರೋಲ್ ಹದ. ಕಾರ್ಬ್ಯುರೇಟರ್ ಪಕ್ಕದ ಲಿಫ್ಟಿಂಗ್ ಪಿನ್ ಕೆಳಗಿನಿಂದ ಒತ್ತಿ ಪಿಸ್ಟನ್ ಬರೀ 0.8 ಮಿ.ಮೀ. ಎತ್ತಿ. ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ, ನಟ್ ಒಂದು ಮುಖ ಮೇಲಕ್ಕೆ. ಎಂಜಿನ್ ಕುಸಿದರೆ ಕಡಿಮೆ, ಒಂದು ಮುಖ ಕೆಳಕ್ಕೆ. ಒಂಚೂರು ಏರಿ ತಕ್ಷಣ ಮೊದಲಿನ ಹಾಗಾದರೆ ಹದ ಸಿಕ್ಕಿತು. ಒಂದನ್ನು ತಿರುಗಿಸಿದರೆ ಇನ್ನೊಂದರ ಹದ ಬದಲಾಗುತ್ತದೆ, ಹಾಗಾಗಿ ಮೂರ್ನಾಲ್ಕು ಸಲ ಅತ್ತಿತ್ತ ಓಡಾಡಬೇಕು. ಬೇಸರ ಬೇಡ. ಕೊನೆಗೆ ಎರಡು ಥ್ರಾಟಲ್ಲೂ ಒಟ್ಟಿಗೇ ತೆರೆಯುವ ಹಾಗೆ ಕ್ಲ್ಯಾಂಪ್ ಬಿಗಿ ಮಾಡಿ.

ಕಾರನ್ನು ನಿಮಗೆ ಬೇಕಾದ ಹಾಗೆ ಬದಲಾಯಿಸುವವರಿಗೆ ಒಂದು ಮಾತು. ಗಾಳಿ ಜಾಸ್ತಿ ಬಿಡುವ ಫಿಲ್ಟರ್, ದಪ್ಪ ಸೈಲೆನ್ಸರ್ ಪೈಪು ಹಾಕಿಸಿದರೆ ಬರೀ ನಟ್ ತಿರುಗಿಸಿ ಪ್ರಯೋಜನ ಇಲ್ಲ, ಸ್ಪೀಡಿನಲ್ಲಿ ಪೆಟ್ರೋಲ್ ಸಾಲದು. ಪಿಸ್ಟನ್ ಕೆಳಗಿನ ಸೂಜಿಯನ್ನೇ ಬದಲಿಸಬೇಕು. ಹತ್ತು ಕಿಲೋಮೀಟರ್ ಜೋರಾಗಿ ಓಡಿಸಿ, ಎಂಜಿನ್ ಆಫ್ ಮಾಡಿ ಪ್ಲಗ್ ಬಿಚ್ಚಿ ನೋಡಿ. ತಿಳಿ ಕಂದು ಇದ್ದರೆ ಸರಿ. ಕಪ್ಪು ಮಸಿ ಕೂತಿದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ದರೆ ಕಡಿಮೆ. ಬೆಳ್ಳಗಿರುವ ಪ್ಲಗ್ ನೋಡಿಯೂ ಸುಮ್ನೆ ಓಡಿಸುತ್ತಾ ಇರಬೇಡಿ, ಎಂಜಿನ್ನಿನ ಪಿಸ್ಟನ್ನೇ ಸುಟ್ಟುಹೋಗಬಹುದು.